ಅಂಗಾತ ಮಲಗುವಷ್ಟು ಹೊತ್ತು

ನಿಪ್ಪಾಣಿ
೨೨ ಜೂನ್ ೨೦೦೮

ಚಿ. ಮಯೂರಿ,

ನಿನ್ನ ತಾಯಿಯನ್ನು ನನ್ನ ಮನೆಯಲ್ಲಿ ಬಿಟ್ಟು ನೀನು ಮಂಗಳೂರಿನ ಬಸ್ಸು ಹತ್ತಿದ ದಿನ ಅವಳು ಸಂಜೆಯವರೆಗೆ ನನ್ನ ಮುಂಗೋಣೆಯ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಪ್ರತಿ ರವಿವಾರ ನೀನು ದೂರವಾಣಿ ಮಾಡಿದಾಗ ಅವಳು ‘ಆರಾಮ ಅದೀನಿ’ ಎನ್ನುತ್ತಾಳೆ. ಪಕ್ಕದಲ್ಲಿಯೇ ನಿಂತಿರುವ ನಾನು, ಶಾಲೆಯಲ್ಲಿ ನಿನಗೆ ಪಾಠ ಹೇಳಿದವಳು, ಅದನ್ನು ಸುಳ್ಳೆಂದು ಹೇಳಲಾರೆ. ಆದ್ದರಿಂದ ನಿಜವಾದ ಸಮಾಚಾರವನ್ನು ಪತ್ರದಲ್ಲಿಯೇ ಬರೆಯುವುದೆಂದು ನಿಶ್ಚಯಿಸಿದ್ದೇನೆ. ನೀನೂ ಪತ್ರದಲ್ಲಿಯೇ ಉತ್ತರಿಸತಕ್ಕದ್ದು.

ಕಳೆದ ಮಂಗಳವಾರ ಮಿರಜಿನ ಆಸ್ಪತ್ರೆಗೆ ಹೋಗಿದ್ದೆವು. ಸೊಂಟದ ಮೇಲಿನ ಬೆನ್ನುಮೂಳೆಯಲ್ಲಿರುವ ಗಡ್ಡೆ ವಿಕಿರಣ ಚಿಕಿತ್ಸೆಗೆ ಕರಗುವ ಜಾತಿಯದೆಂದು ವೈದ್ಯರು ಹೇಳಿದರು. ಆ ಮಾತು ಕೇಳಿ ನನಗೆ ಬಹಳ ಸಮಾಧಾನವಾಯಿತು. ಆದರೆ ಯಂತ್ರದ ಕೆಳಗೆ, ಹಲಗೆಯಷ್ಟು ಗಟ್ಟಿಯಾದ ಮೇಜಿನ ಮೇಲೆ, ಅಂಗಾತ ಮಲಗಿ ಅಲುಗಾಡದೆ ಇರಬೇಕು. ಹಾಗೆ ಹಲವು ಸಲ. ನಿನ್ನ ತಾಯಿ ಮೊದಲನೆಯ ಸಲವೇ ಮೊಣಕೈ ಊರಿ ಎದ್ದುಬಿಟ್ಟಳು. ಯಂತ್ರವನ್ನು ನಿಲ್ಲಿಸಬೇಕಾಯಿತು. ‘ಮೊದಲು ನೋವನ್ನು ಹದಕ್ಕೆ ತರೋಣ, ಆಮೇಲೆ ಯಂತ್ರ. ಆದರೆ ತಡವಾಗಬಾರದು. ಗಡ್ಡೆ ನರವನ್ನು ಒತ್ತಿದರೆ ಕಾಲುಗಳು ಹೋಗುತ್ತವೆ’ ಎಂದರು ವೈದ್ಯರು. ಮಾರ್ಫಿನ್ ಗುಳಿಗೆಗಳನ್ನು ಬರೆದುಕೊಟ್ಟರು.

ಗುಳಿಗೆ ಕಪಾಟಿನಲ್ಲಿದೆ. ಅವಳು ಮುಟ್ಟುತ್ತಿಲ್ಲ. ಆಸ್ಪತ್ರೆಯ ಅಂಗಡಿಯವನು ‘ಇದು ಅಫೀಮಿನಿಂದ ಮಾಡಿದ್ದು, ಜೋಪಾನ’ ಎಂದದ್ದು ಅವಳ ಕಿವಿಗೆ ಬಿದ್ದಿತ್ತು. ‘ಅಕ್ಕೋರ, ಬುದ್ಧ ವಿಹಾರದಾಗ ಐದು ಶೀಲ ಹೇಳಿದಾಕಿ ನಾನು. ಅಮಲಿನ ಪದಾರ್ಥ ಮುಟ್ಟಂಗಿಲ್ಲ ಅಂದಾಕಿ. ಈಗ ಸೊಂಟ ನೂಸತೈತಿ ಅಂತ ಅಫೀಮು ತಿನ್ನಲೇನ್ರಿ?’ ಎನ್ನುತ್ತಾಳೆ. ನಿನ್ನನ್ನು ಕರೆಸಲೇ ಎಂದು ಕೇಳಿದೆ. ‘ಪೋರಿ ಓದು ಬಿಟ್ಟು ಬಂದ್ಲಂದ್ರ ಗುಳಿಗಿ ಅಷ್ಟ ಅಲ್ಲ, ಗಂಜೀನೂ ಮುಟ್ಟಂಗಿಲ್ಲ. ಬರದುಬಿಡ್ರಿ ಹಂಗ’ ಎಂದಳು. ಬರೆದಿದ್ದೇನೆ.

ನೋವಿನ ಔಷಧಿಗಳನ್ನೇ ಅಭ್ಯಾಸ ಮಾಡುತ್ತಿರುವವಳು ನೀನು. ಅವಳಿಗೆ ತಿಳಿಯುವಂತೆ ಬರೆ. ಓದಿ ಹೇಳುವ ಹೊಣೆ ನನ್ನದು.

ಸುಂದರಾ ಮಗದುಮ್


ಮಂಗಳೂರು
೩೦ ಜೂನ್ ೨೦೦೮

ಪೂಜ್ಯ ಅಕ್ಕೋರಿಗೆ,

ತಮ್ಮ ಪತ್ರವನ್ನು ಎರಡು ಸಲ ಓದಿದೆ. ಇಲ್ಲಿಂದ ಮುಂದಿನದನ್ನು ದಯವಿಟ್ಟು ಅವ್ವನಿಗೆ ಓದಿ ಹೇಳಬೇಕು.

ಅವ್ವಾ, ನಿನ್ನ ಮೆದುಳು ತಾನೇ ಒಂದು ನೋವಿನ ಔಷಧಿಯನ್ನು ತಯಾರಿಸುತ್ತದೆ. ನಾನು ಹುಟ್ಟಿದ ದಿನವೂ ಅದು ನಿನ್ನ ಕೈ ಹಿಡಿದಿತ್ತು. ಈಗಿನ ನೋವು ಅದರ ಶಕ್ತಿಗೆ ಮೀರಿದ್ದು. ಮಾರ್ಫಿನ್ ಆ ಔಷಧಿ ಕೂಡುವ ಜಾಗದಲ್ಲಿಯೇ ಹೋಗಿ ಕೂಡುತ್ತದೆ, ಅದು ಮಾಡುವ ಕೆಲಸವನ್ನೇ ಹೆಚ್ಚಾಗಿ ಮಾಡುತ್ತದೆ. ಅಮಲಿಗಾಗಿ ತಿನ್ನುವವನು ಮೈಮರೆಯಲು ತಿನ್ನುತ್ತಾನೆ. ನೀನು ಎಚ್ಚರವಾಗಿ, ನೆಟ್ಟಗೆ ಮಲಗಲು ತೆಗೆದುಕೊಳ್ಳುತ್ತೀ. ವೈದ್ಯರು ಹೇಳಿದ ಅಳತೆಯಲ್ಲಿ, ಹೇಳಿದ ಹೊತ್ತಿಗೆ ತೆಗೆದುಕೊಂಡರೆ ಹೆದರಬೇಕಾಗಿಲ್ಲ. ಬೇಡವಾದಾಗ ಅವರೇ ನಿಧಾನವಾಗಿ ಇಳಿಸುತ್ತಾರೆ. ಸಂಶಯವಿದ್ದರೆ ವಿಹಾರದ ಭರಮು ಕಾಕಾನನ್ನು ಕೇಳು. ನನ್ನ ಮಾತಿಗಿಂತ ಅವನ ಮಾತು ನಿನಗೆ ಮೇಲು ಎಂಬುದು ನನಗೆ ಗೊತ್ತು.

ಇಲ್ಲಿಗೆ ನಿಲ್ಲಿಸಿರಿ, ಅಕ್ಕೋರ. ಉಳಿದದ್ದು ತಮಗೆ ಮಾತ್ರ.

ಮಲಬದ್ಧತೆಯಾಗುತ್ತದೆ, ಅದಕ್ಕೂ ವೈದ್ಯರನ್ನು ಕೇಳಿ ಔಷಧಿ ಕೊಡಿಸಿರಿ. ನನ್ನ ಸಂಶೋಧನೆ ಏನೆಂದು ಅವ್ವ ಕೇಳಿದರೆ ‘ನೋವಿನ ಔಷಧಿ’ ಎಂದಷ್ಟೇ ಹೇಳಿರಿ. ಅದರ ಇನ್ನೊಂದು ಅರ್ಧವನ್ನು ಅವಳಿಗೆ ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ. ತಮಗೂ ಹೇಳಿಲ್ಲ. ಕ್ಷಮಿಸಿರಿ.

ತಮ್ಮ ವಿದ್ಯಾರ್ಥಿನಿ,
ಮಯೂರಿ


ನಿಪ್ಪಾಣಿ
೨೦ ಜುಲೈ ೨೦೦೮

ಚಿ. ಮಯೂರಿ,

ಗುಳಿಗೆ ಆರಂಭವಾಯಿತು.

ನಿನ್ನ ಪತ್ರ ಓದಿದ ಮೇಲೆಯೂ ಅವಳು ಎರಡು ವಾರ ಆಲೋಚಿಸಿದಳು. ಕೊನೆಗೆ ಭರಮು ಕಾಕಾ ಮನೆಗೇ ಬಂದರು. ‘ದ್ರೌಪದೀ, ಔಷಧ ಬ್ಯಾರೆ, ಅಮಲು ಬ್ಯಾರೆ. ನೆಟ್ಟಗ ಮಲಗಾಕ ಬರಲಾರದಾಕಿ ನೆಟ್ಟಗ ಧ್ಯಾನಾ ಹೆಂಗ ಮಾಡ್ತೀಯವಾ?’ ಎಂದರು. ಆಷಾಢದ ಹುಣ್ಣಿಮೆಯಂದು, ಬೌದ್ಧರ ಮಳೆಗಾಲದ ವ್ರತವಾದ ವರ್ಷಾವಾಸ ಆರಂಭವಾಗುವ ದಿನ, ಬಿಳಿಯ ಸೀರೆ ಉಟ್ಟು, ದೀಪ ಹಚ್ಚಿ, ಮೊದಲನೆಯ ಗುಳಿಗೆಯನ್ನು ನುಂಗಿದಳು. ಅಂದು ಸಂಜೆ ಸ್ವಲ್ಪ ನಿದ್ದೆ ಬಂತು.

ಇನ್ನೊಂದು ಶುಭ ಸಮಾಚಾರವೂ ಇದೆ. ಅದನ್ನು ನಿನಗೆ ತಾನೇ ಹೇಳಬೇಕೆಂದು, ದೀಪಾವಳಿಗೆ ನೀನು ಬಂದಾಗ ಎದುರಿಗೇ ಹೇಳಬೇಕೆಂದು, ನನ್ನಿಂದ ವಚನ ತೆಗೆದುಕೊಂಡಿದ್ದಾಳೆ. ಕೊಟ್ಟ ವಚನವನ್ನು ಮುರಿಯುವ ಅಭ್ಯಾಸ ನನಗಿಲ್ಲ. ನನಗಂತೂ ಅಭಿಮಾನವೆನಿಸಿದೆ.

ಸುಂದರಾ ಮಗದುಮ್


ನಿಪ್ಪಾಣಿ
೨೯ ಜುಲೈ ೨೦೦೮

ಚಿ. ಮಯೂರಿ,

ನಿನ್ನೆ ಮತ್ತೆ ಮಿರಜಿಗೆ ಹೋಗಿ ಮರಳಿದೆವು. ಮೇಜಿನ ಮೇಲೆ ಮಲಗಲಾಗಲಿಲ್ಲ. ವೈದ್ಯರು ಗುಳಿಗೆಯ ಪ್ರಮಾಣವನ್ನು ಹೆಚ್ಚಿಸಿದ್ದಾರೆ. ನೋವು ಮೊದಲಿಗಿಂತ ತುಸು ಹೆಚ್ಚೇ ಇರುವಂತೆ ಕಾಣುತ್ತದೆ. ಎಡಗಾಲಿನ ಹೆಬ್ಬೆರಳು ಮರಗಟ್ಟಿದೆ ಎನ್ನುತ್ತಾಳೆ. ನೀನು ಗಾಬರಿಯಾಗುವ ಕಾರಣವಿಲ್ಲ.

ಸುಂದರಾ ಮಗದುಮ್


ಮಂಗಳೂರು
೨ ಆಗಸ್ಟ್ ೨೦೦೮

ಪೂಜ್ಯ ಅಕ್ಕೋರಿಗೆ,

ಗಾಬರಿಯಾಗುವ ಕಾರಣವಿಲ್ಲವೆಂದು ತಾವು ಬರೆದ ಸಾಲಿನ ಮೇಲಿನ ಸಾಲಿನಲ್ಲಿಯೇ ಅವ್ವನ ಬೆರಳು ಮರಗಟ್ಟಿದೆ.

ಇಷ್ಟು ಮಾರ್ಫಿನ್‌ಗೆ ನೋವು ತಗ್ಗಲೇಬೇಕು. ಹೆಚ್ಚಾಗಿದೆ ಎಂದರೆ ನಾನು ಒಂದೇ ಅರ್ಥ ಮಾಡಿಕೊಳ್ಳಬಲ್ಲೆ: ಗುಳಿಗೆ ಹೊಟ್ಟೆಗೆ ಹೋಗುತ್ತಿಲ್ಲ. ಅವ್ವ ಸರಕಾರಿ ದವಾಖಾನೆಯ ಗುಳಿಗೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಬೀಡಿ ಕಟ್ಟುವ ಗೆಳತಿಯರಿಗೆ ಹಂಚಿದವಳು. ಅಥವಾ, ಕೇಳಲು ನನಗೆ ಸಂಕೋಚವಾಗುತ್ತದೆ, ತಾವೇ ಅಫೀಮಿನ ಭಯದಿಂದ ಅರ್ಧ ಗುಳಿಗೆ ಕೊಡುತ್ತಿದ್ದೀರಾ? ಹಾಗಿದ್ದರೆ ತಮ್ಮ ಸದುದ್ದೇಶದಿಂದ ಅವ್ವನ ಕಾಲು ಹೋಗುತ್ತದೆ.

ಮುಂದಿನ ವಾರದೊಳಗೆ ಸಮಾಧಾನದ ಸುದ್ದಿ ಬಾರದಿದ್ದರೆ, ಅವಳು ಗಂಜಿ ಬಿಟ್ಟರೂ ಸರಿಯೇ, ಇಲ್ಲಿಯದನ್ನೆಲ್ಲ ಬಿಟ್ಟು ಬರುತ್ತೇನೆ.

ಮಯೂರಿ


ನಿಪ್ಪಾಣಿ
೮ ಆಗಸ್ಟ್ ೨೦೦೮

ಕು. ಮಯೂರಿ ಅವರಿಗೆ,

ಗುಳಿಗೆಗಳನ್ನು ನಿಮ್ಮ ತಾಯಿ ನನ್ನ ಕಣ್ಣೆದುರಿಗೆ ನುಂಗುತ್ತಾರೆ. ಇಡಿಯ ಗುಳಿಗೆ. ಗಡಿಯಾರ ನೋಡಿ ಕೊಡುತ್ತೇನೆ. ನುಂಗಿದ ಮೇಲೆ ನಾನು ಕೇಳದಿದ್ದರೂ ನಾಲಿಗೆಯನ್ನು ಎತ್ತಿ ತೋರಿಸುತ್ತಾರೆ. ‘ನೋಡ್ರಿ ಅಕ್ಕೋರ, ಖಾಲಿ. ಮೂರನೇತ್ತೆ ಸಾಲಿ ಪೋರಿ ಮಾಡಿಬಿಟ್ರಲ್ಲ ನನ್ನ’ ಎಂದು ನಗುತ್ತಿದ್ದರು. ಈಗ ನಗುವುದಿಲ್ಲ. ನನ್ನ ಮೇಲೆ ಸಂಶಯಪಟ್ಟದ್ದಕ್ಕೆ ಉತ್ತರ ಇಷ್ಟೇ.

ಇನ್ನು ನೀವು ಸಂಶೋಧಕರಾದ್ದರಿಂದ, ನಾನು ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಕಳೆದ ಪತ್ರದಲ್ಲಿ ಮುಚ್ಚಿಟ್ಟಿದ್ದೆ. ಅದು ಸರಿಯಲ್ಲವೆಂದು ಒಪ್ಪುತ್ತೇನೆ. ಹುಣ್ಣಿಮೆಯ ಮರುದಿನದಿಂದಲೇ ಅವಳು ಬೇರೆಯವಳಾಗಿದ್ದಾಳೆ. ಒಂದೆಡೆ ಕೂರುವುದಿಲ್ಲ. ಬೆನ್ನಿನ ನೋವು ಮೊದಲು ‘ಜಗ್ಗತೈತಿ’ ಎನ್ನುತ್ತಿದ್ದಳು, ಈಗ ‘ಸಿಡೀತೈತಿ, ಉರೀತೈತಿ’ ಎನ್ನುತ್ತಾಳೆ. ಹಣೆಯ ಮೇಲೆ ಕೈಯಿಟ್ಟರೆ ಕೈಯನ್ನು ತಳ್ಳುತ್ತಾಳೆ. ಊಟದ ತಟ್ಟೆಯನ್ನು ನೂಕಿ, ಮತ್ತೆ ತಾನೇ ಎಳೆದುಕೊಂಡು ಉಣ್ಣುತ್ತಾಳೆ. ಯಾರನ್ನೂ ಬೈದವಳಲ್ಲ, ಮೊನ್ನೆ ನಮ್ಮನ್ನು ಮಿರಜಿಗೆ ಕರೆದೊಯ್ಯುವ ಬಾಡಿಗೆ ಕಾರಿನ ಆಬಾಸಾಹೇಬನಿಗೆ ‘ಲೇ, ಎತ್ತಿನ ಗಾಡಿ ಹೊಡ್ಯಾಕ ಹೋಗು’ ಎಂದುಬಿಟ್ಟಳು. ಅವನು ಬಡಪಾಯಿ ‘ಮಾವಶಿ, ಬೈರಿ, ಬೈದ್ರ ಹಗುರಾಕ್ಕೈತಿ’ ಎಂದ. ಮನೋನಿಗ್ರಹದಲ್ಲಿ ಅವಳಿಗೆ ಯಾವ ಕೊರತೆಯೂ ಇಲ್ಲ ಎಂಬುದನ್ನು ನೀವು ನೆನಪಿಡಬೇಕು. ತಿಳಿವಳಿಕೆ ಬಂದಾಗಿನಿಂದ ಮುಂಜಾನೆ, ಮಧ್ಯಾಹ್ನ, ಸಂಜೆ ಹಲ್ಲಿಗೆ ತಿಕ್ಕುತ್ತಿದ್ದ ಮಿಶ್ರಿಯನ್ನು ಹುಣ್ಣಿಮೆಯ ದಿನವೇ ಬಿಟ್ಟುಕೊಟ್ಟವಳು ಅವಳು. ‘ಒಂದು ನಶಾ ಒಳಗ ಬರೂದಾದ್ರ ಇನ್ನೊಂದು ಹೊರಗ ಹೋಗಬೇಕ್ರಿ’ ಎಂದು ಡಬ್ಬಿಯನ್ನೇ ನನ್ನ ಕೈಗೆ ಕೊಟ್ಟಳು. ನಿಮಗಾಗಿ ಕಾದಿರಿಸಿದ್ದ ಶುಭ ಸಮಾಚಾರ ಅದೇ. ಸಿಟ್ಟಿನಲ್ಲಿ ವಚನ ಮುರಿದೆ. ಇರಲಿ. ಅಂಥವಳು ಗುಳಿಗೆಯನ್ನು ಸೆರಗಿನಲ್ಲಿ ಕಟ್ಟುತ್ತಾಳೆಂದು ಅವಳ ಮಗಳೇ ಬರೆಯಬಾರದಿತ್ತು.

ಎಡಪಾದ ಈಗ ಪೂರ್ತಿ ಜೋಮು ಹಿಡಿದಂತಿದೆಯಂತೆ. ಮುಂದೇನು ಮಾಡಬೇಕೆಂದು ತಿಳಿಸಿರಿ.

ಸುಂದರಾ ಮಗದುಮ್


ಮಂಗಳೂರು
೧೩ ಆಗಸ್ಟ್ ೨೦೦೮

ಪೂಜ್ಯ ಅಕ್ಕೋರಿಗೆ,

ತಮ್ಮ ಸಿಟ್ಟಿಗೆ ನಾನು ಋಣಿ. ತಾವು ಸಿಟ್ಟಾಗದಿದ್ದರೆ ಮಿಶ್ರಿಯ ಮಾತು ದೀಪಾವಳಿಯವರೆಗೆ ನನಗೆ ತಲುಪುತ್ತಿರಲಿಲ್ಲ. ಸಂಶಯಪಟ್ಟದ್ದು ನನ್ನ ತಪ್ಪು. ದಯವಿಟ್ಟು ನನ್ನನ್ನು ಮತ್ತೆ ‘ನೀನು’ ಎನ್ನಿರಿ.

ಮಿಶ್ರಿಯ ಸಾಲು ಓದಿ ಪ್ರಯೋಗಾಲಯದಿಂದ ಹೊರಗೆ ಬಂದು ನಿಂತೆ. ಹೇಳದೆ ಉಳಿಸಿಕೊಂಡಿದ್ದ ಅರ್ಧವನ್ನು ಈಗ ಹೇಳುತ್ತೇನೆ. ನನ್ನ ಸಂಶೋಧನೆ ಬರಿಯ ಮಾರ್ಫಿನ್ ಕುರಿತದ್ದಲ್ಲ. ಮಾರ್ಫಿನ್ ಮತ್ತು ತಂಬಾಕಿನ ಸತ್ವವಾದ ನಿಕೋಟಿನ್, ಎರಡೂ ಕೂಡಿದಾಗ ಮೆದುಳಿನಲ್ಲಿ ನೋವಿಗೆ ಏನಾಗುತ್ತದೆ ಎಂಬುದೇ ನನ್ನ ವಿಷಯ. ನಾನು ಇಲಿಯನ್ನು ಬಿಸಿ ತಟ್ಟೆಯ ಮೇಲೆ ಬಿಟ್ಟು, ಅದು ಕಾಲು ನೆಕ್ಕುವವರೆಗಿನ ಹೊತ್ತನ್ನು ನೋಡುತ್ತೇನೆ, ನೆಕ್ಕಿದೊಡನೆ ಎತ್ತಿಬಿಡುತ್ತೇನೆ. ನಿಕೋಟಿನ್‌ಗೆ ಒಗ್ಗಿಕೊಂಡ ಇಲಿಗೆ ಅದನ್ನು ಒಮ್ಮೆಲೇ ನಿಲ್ಲಿಸಿದರೆ ಅದು ಬೇಗ ನೆಕ್ಕುತ್ತದೆ. ನೋವು ಅದಕ್ಕೆ ಹೆಚ್ಚಾಗಿ ತಟ್ಟುತ್ತದೆ. ಆಗ ಕೊಟ್ಟ ಮಾರ್ಫಿನ್ನೂ ಸಾಲದಾಗುತ್ತದೆ. ಇದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆದರೂ ಅವ್ವನ ನೆನಪಾಗಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ಮಿಶ್ರಿ ತಂಬಾಕು ಆಗಿರಲೇ ಇಲ್ಲ. ಅದು ಹಲ್ಲಿನ ಪುಡಿ. ಹೆಂಚಿನ ಮೇಲೆ ತಂಬಾಕು ಹುರಿದು, ಅರೆದು, ಡಬ್ಬಿಗೆ ತುಂಬುವುದನ್ನು ದಿನವೂ ಕಂಡವಳಿಗೂ ಅದು ಹಲ್ಲಿನ ಪುಡಿಯೇ.

ನಿನ್ನೆ ಮಿರಜಿನ ವೈದ್ಯರೊಡನೆ ದೂರವಾಣಿಯಲ್ಲಿ ಮಾತನಾಡಿದೆ. ಅವರು ಮೊದಲನೆಯ ದಿನವೇ ‘ತಂಬಾಕು ತಿಂತೀರಾ?’ ಎಂದು ಕೇಳಿದ್ದರಂತೆ. ಅವ್ವ ‘ಇಲ್ಲ’ ಎಂದಿದ್ದಳಂತೆ. ಅವಳ ಮಟ್ಟಿಗೆ ಅದು ನಿಜ.

ಅವಳಿಗೆ ಹೀಗೆ ಹೇಳಿರಿ. ಬೀಡಿ ಕಾರಖಾನೆಯಲ್ಲಿ ಒಬ್ಬಳು ಎಲೆ ಕತ್ತರಿಸುತ್ತಾಳೆ, ಒಬ್ಬಳು ತಂಬಾಕು ತುಂಬಿ ಸುತ್ತುತ್ತಾಳೆ, ಒಬ್ಬಳು ದಾರ ಕಟ್ಟುತ್ತಾಳೆ. ದಾರದವಳು ಬಾರದಿದ್ದರೆ ಸುತ್ತಿದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ಮೆದುಳಿನಲ್ಲಿ ನೋವನ್ನು ಕಟ್ಟಿಹಾಕುವವರೂ ಹೀಗೆಯೇ ಹಲವರು. ಮಾರ್ಫಿನ್ ಎಚ್ಚರಿಸುವವರ ಗುಂಪು ಒಂದು, ಸೆರೊಟೋನಿನ್ ಮತ್ತು ನಾರ್‌ಅಡ್ರಿನಾಲಿನ್ ಎಂಬವು ಬೆನ್ನುಹುರಿಗೆ ಇಳಿದು ನೋವಿನ ಸುದ್ದಿಯನ್ನು ತಡೆಯುವವು, ಅಸೆಟೈಲ್‌ಕೋಲಿನ್ ಎಂಬುದು ಇನ್ನೊಂದು. ಒಬ್ಬರು ಇನ್ನೊಬ್ಬರನ್ನು ಕೂಗಿ ಕರೆಯುತ್ತಾರೆ. ದಾರದವಳಂತಿರುವ ಈ ಕೊನೆಯವಳನ್ನು ಅವ್ವನ ಮಿಶ್ರಿ ಇಷ್ಟು ವರ್ಷ ದಿನಕ್ಕೆ ಮೂರು ಸಲ ತಟ್ಟಿ ಎಬ್ಬಿಸಿದೆ. ತಟ್ಟದೆ ಏಳದ ರೂಢಿಯಾಗಿದೆ. ಮಾರ್ಫಿನ್ ಕೊಟ್ಟು ಸುತ್ತುವವಳನ್ನು ಕರೆತಂದ ದಿನವೇ ನಾವು ದಾರದವಳನ್ನು ಮನೆಗೆ ಕಳಿಸಿದೆವು.

ಇದೇ ಪೂರ್ಣ ಕಾರಣವೆಂದು ಪ್ರಮಾಣ ಮಾಡಲಾರೆ. ಗಡ್ಡೆಯೂ ಬೆಳೆದಿರಬಹುದು. ಆದರೆ ವೈದ್ಯರು ನನ್ನ ಮಾತನ್ನು ಒಪ್ಪಿದ್ದಾರೆ. ಮಿಶ್ರಿ ಮತ್ತೆ ಬೇಡ. ಅದು ಬಾಯನ್ನು ಕೆಡಿಸುತ್ತದೆ. ಅದರ ಬದಲು ನಿಕೋಟಿನ್ ಇರುವ ಚಿಂಗಮ್ಮನ್ನು ಸಣ್ಣ ಅಳತೆಯಲ್ಲಿ ಕೊಟ್ಟು ಚಿಕಿತ್ಸೆ ಮುಗಿದ ಮೇಲೆ ಕ್ರಮೇಣ ಇಳಿಸುವರು. ಸೆರೊಟೋನಿನ್ ಮತ್ತು ನಾರ್‌ಅಡ್ರಿನಾಲಿನ್‌ಗೆ ಬಲ ಕೊಡುವ ಇನ್ನೊಂದು ಗುಳಿಗೆಯನ್ನು ಮಲಗುವಾಗ ಸೇರಿಸುವರು. ಮಾರ್ಫಿನ್‌ನ ಅಳತೆಯನ್ನು ಅವರೇ ನೋಡಿಕೊಳ್ಳುವರು. ಅವ್ವನಿಗೆ ತೂಕಡಿಕೆ ಹೆಚ್ಚಾದರೆ, ಉಸಿರು ನಿಧಾನವಾದರೆ ಕೂಡಲೇ ಅವರಿಗೆ ತಿಳಿಸಿರಿ.

ತಂಬಾಕಿನ ಧೂಳು ಕುಡಿದು ನನ್ನನ್ನು ಓದಿಸಿದವಳಿಗೆ, ನಾನು ತಂಬಾಕಿನ ಬಗೆಗೇ ಓದುತ್ತಿದ್ದೇನೆಂದು ಹೇಳಲು ನಾಚಿದ್ದೆ. ಈಗ ತಾವೇ ಹೇಳಿಬಿಡಿರಿ.

ಮಯೂರಿ


ನಿಪ್ಪಾಣಿ
೨೬ ಆಗಸ್ಟ್ ೨೦೦೮

ಚಿ. ಮಯೂರಿ,

ನೀನು ಎಂದೇ ಬರೆಯುತ್ತಿದ್ದೇನೆ, ಗಮನಿಸು.

ನಿನ್ನ ಪತ್ರವನ್ನು ಒಂದಕ್ಷರವೂ ಬಿಡದೆ ಅವಳಿಗೆ ಓದಿ ಹೇಳಿದೆ. ಇಲಿಯ ಭಾಗ ಬಂದಾಗ ನಾನು ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ನಿಂತೆ. ಅವಳು ನಿಲ್ಲಗೊಡಲಿಲ್ಲ. ಎಲ್ಲ ಕೇಳಿ, ‘ಅಯ್ಯ, ಇಲಿ ನನಗಿಂತ ಶಾಣ್ಯಾ ಆತಲ್ರೀ. ಅದು ಕಾಲು ನೆಕ್ಕಿ ಹೇಳತೈತಿ. ನಾ ಡಾಕ್ಟರ ಮುಂದ ಬಾಯಿ ಮುಚ್ಚಿ ಕುಂತೆ’ ಎಂದಳು.

‘ಡಾಕ್ಟರಿಗೆ ತಂಬಾಕು ಇಲ್ಲ ಅಂದಿ, ಬುದ್ಧನ ಮುಂದೆ ಮಿಶ್ರಿ ನಶೆ ಅಂತ ಬಿಟ್ಟಿ. ಯಾವುದು ಖರೆ?’ ಎಂದು ಗದರಿಸಿದೆ.

‘ಡಾಕ್ಟರ ಮುಂದ ಹಲ್ಲಿನ ಪುಡಿ, ಬುದ್ಧನ ಮುಂದ ನಶಾ. ಯಾರ ಮುಂದ ಯಾವುದು ಹೇಳಬೇಕೋ ಅದ ಹೇಳೀನ್ರಿ’ ಎಂದಳು. ಅವಳೊಡನೆ ವಾದಿಸುವುದು ನನ್ನಿಂದ ಸಾಧ್ಯವಿಲ್ಲ. ಡಬ್ಬಿ ಬಿಟ್ಟುಕೊಟ್ಟ ದಿನ ಅವಳನ್ನು ಕೇರಿಯ ಹೆಂಗಸರೆದುರು ಹೊಗಳಿದವಳು ನಾನೇ ಎಂಬುದನ್ನೂ ಇಲ್ಲಿ ನಮೂದಿಸುತ್ತೇನೆ.

ನಿನ್ನ ವಿಷಯ ಕೇಳಿ ಬೇಸರಪಟ್ಟಳೆಂದು ತಿಳಿದಿದ್ದೀಯಾ? ಮಧ್ಯಾಹ್ನ ಬೀಡಿ ಕಟ್ಟುವ ಸೋನಾಬಾಯಿ ನೋಡಲು ಬಂದಾಗ, ಸೊಂಟ ಹಿಡಿದುಕೊಂಡೇ, ‘ನಮ್ಮ ಪೋರಿ ತಂಬಾಕಿನ ಮ್ಯಾಲೆ ಡಾಕ್ಟರಕಿ ಮಾಡಾಕತ್ಯಾಳ. ನಾವು ಹೊರಗಿಂದ ಅಷ್ಟ ನೋಡೀವಿ, ಅಕಿ ಅದರ ಒಳಗ ಹೋಗ್ಯಾಳ’ ಎಂದಳು. ಆ ಬಿಗುಮಾನವನ್ನು ನೀನು ನೋಡಬೇಕಿತ್ತು.

ಚಿಂಗಮ್ಮನ್ನು ಆಬಾಸಾಹೇಬ ಕೊಲ್ಹಾಪುರದಿಂದ ತಂದ. ವೈದ್ಯರು ಬರೆದುಕೊಟ್ಟಂತೆ ಸ್ವಲ್ಪ ಅಗಿದು ದವಡೆಯ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ‘ಮೊಮ್ಮಕ್ಕಳನ್ನ ಆಡಸೂ ವಯಸ್ಸಿನಾಗ ನನಗ ಚಿಂಗಮ್ಮ ಕೊಟ್ರಲ್ರಿ ಅಕ್ಕೋರ! ಪುಗ್ಗಾ ಊದಲೇನು?’ ಎಂದಳು. ವ್ರತದ ಚಿಂತೆ ಉಳಿದಿತ್ತು. ಅದನ್ನೂ ತಾನೇ ಬಗೆಹರಿಸಿದಳು: ‘ಇದು ಚಟಕ್ಕಲ್ಲ, ಇಳಸಾಕ. ಬುದ್ಧಗ ನಾ ಹೇಳತೀನಿ, ಡಾಕ್ಟರಗ ನೀವು ಹೇಳ್ರಿ.’

ಸಿಡಿಮಿಡಿ ಮೊದಲು ಇಳಿಯಿತು. ಆಬಾಸಾಹೇಬನನ್ನು ಕರೆದು ಚಹಾ ಕೊಟ್ಟಳು. ನೋವು ಇನ್ನೂ ಇದೆ, ಆದರೆ ಉರಿ ಕಡಿಮೆಯಾಗಿ ಮತ್ತೆ ‘ಜಗ್ಗತೈತಿ’ ಎಂಬಲ್ಲಿಗೆ ಬಂದಿದೆ. ಮೊನ್ನೆಯಿಂದ ಗೋಡೆಗೆ ದಿಂಬುಗಳನ್ನು ಒರಗಿಸಿ, ಅವಕ್ಕೆ ಬೆನ್ನು ಕೊಟ್ಟು ಮಲಗುವ ಅಭ್ಯಾಸ ಆರಂಭಿಸಿದ್ದಾಳೆ. ದಿನಕ್ಕೊಂದು ದಿಂಬು ತೆಗೆಯುತ್ತೇವೆ. ಪಾದದ ಜೋಮು ಹಾಗೆಯೇ ಇದೆ, ಮೇಲಕ್ಕೆ ಏರಿಲ್ಲ. ನನ್ನ ಧೈರ್ಯ ಅಷ್ಟರ ಮೇಲೆಯೇ ನಿಂತಿದೆ.

ನೀನು ಬರಬೇಡ. ಇದು ಅವಳ ಮಾತಲ್ಲ, ನನ್ನದು. ಇಲ್ಲಿಯ ಕೆಲಸ ನಡೆದಿದೆ, ಅಲ್ಲಿಯದನ್ನು ನೀನು ನಡೆಸು.

ಸುಂದರಾ ಮಗದುಮ್


ನಿಪ್ಪಾಣಿ
೧೧ ಸೆಪ್ಟೆಂಬರ್ ೨೦೦೮

ಚಿ. ಮಯೂರಿ,

ಇಂದು ಬೆಳಿಗ್ಗೆ ಮಿರಜಿಗೆ ಹೋಗಿದ್ದೆವು. ಸಂಜೆಯ ಟಪಾಲಿಗೆ ಸಿಗಲೆಂದು ಕೈಕಾಲು ತೊಳೆಯುವ ಮೊದಲೇ ಬರೆಯುತ್ತಿದ್ದೇನೆ.

ಚಿಕ್ಕೋಡಿಯಲ್ಲಿ ಚಹಾಕ್ಕೆ ನಿಂತಾಗ ಅವಳು ಇಳಿಯಲಿಲ್ಲ. ಕಾಗವಾಡದ ಹತ್ತಿರ ರಸ್ತೆ ಕೆಟ್ಟಿದೆ. ಆಬಾಸಾಹೇಬ ಗಾಡಿಯನ್ನು ತೊಟ್ಟಿಲಿನಂತೆ ನಡೆಸಿದ. ‘ಮಾವಶಿ, ಖಡ್ಡಾ ಬಂತ್ರಿ, ಗಟ್ಟಿ ಹಿಡೀರಿ’ ಎಂದು ಪ್ರತಿ ಗುಂಡಿಗೂ ಹೇಳುತ್ತಿದ್ದ. ಅವಳು ನನ್ನ ಮುಂಗೈಯನ್ನು ಹಿಡಿದಿದ್ದಳು. ಇನ್ನೊಮ್ಮೆ ಮೇಜಿನ ಮೇಲಿಂದ ಅರ್ಧಕ್ಕೇ ಏಳಬೇಕಾಗಿ ಬಂದರೆ ಮತ್ತೆ ಬರುವುದಿಲ್ಲವೆಂದು ಹಿಂದಿನ ದಿನವೇ ನನಗೆ ಹೇಳಿದ್ದಳು. ಅದನ್ನು ನಿನಗೆ ಬರೆದಿರಲಿಲ್ಲ.

ಒಳಗೆ ಕರೆದರು. ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಯಂತ್ರದ ಗುಂಯ್‌ಗುಡುವ ಸದ್ದು ಬಂತು, ನಿಂತಿತು, ಮತ್ತೆ ಬಂತು. ಹಿಂದಿನ ಎರಡು ಸಲ ಈ ಹೊತ್ತಿಗೆ ಅವಳ ಕೂಗು ಕೇಳಿಸಿತ್ತು. ಈ ಸಲ ಏನೂ ಕೇಳಿಸಲಿಲ್ಲ. ಕೂಗು ಕೇಳಿಸದಿದ್ದರೆ ಸಮಾಧಾನವಾಗುತ್ತದೆಂದು ತಿಳಿದಿದ್ದೆ, ಆಗಲಿಲ್ಲ, ಹೆದರಿಕೆಯಾಯಿತು.

ದೀಪ ಆರಿತು. ಅವಳು ಹೊರಗೆ ಬರಲಿಲ್ಲ. ನಾನು ಅಪ್ಪಣೆಗೆ ಕಾಯದೆ ಬಾಗಿಲನ್ನು ತಳ್ಳಿ ಒಳಗೆ ಹೋದೆ.

ಯಂತ್ರ ನಡೆಸುವ ಹುಡುಗಿ ಮೇಜಿನ ಪಕ್ಕದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆಯುತ್ತಿದ್ದಳು. ‘ಮಾವಶಿ, ಉಠಾ ಆತಾ, ಝಾಲಂ’, ಇನ್ನು ಏಳಿ, ಮುಗಿಯಿತು, ಎಂದು ಮೆಲ್ಲಗೆ ಭುಜ ಮುಟ್ಟಿದಳು. ನಿನ್ನ ತಾಯಿ ಅಂಗಾತ, ಕಾಲು ನೀಡಿ, ಎರಡೂ ಕೈಗಳನ್ನು ಪಕ್ಕಕ್ಕೆ ಬಿಟ್ಟು ಮಲಗಿದ್ದಳು. ಬಾಯಿ ತುಸು ತೆರೆದಿತ್ತು. ಉಸಿರಾಟ ಸರಿಯಾಗಿದೆಯೇ ಎಂದು ನೀನು ಬರೆದಂತೆ ನೋಡಿದೆ. ಸರಿಯಾಗಿತ್ತು. ಗೊರಕೆ ಹೊಡೆಯುತ್ತಿದ್ದಳು.

ನಾನು ಹೆಸರು ಹಿಡಿದು ಕರೆದೆ. ಕಣ್ಣು ತೆರೆಯದೆಯೇ ‘ಹೂಂ, ಬಂದೇನ್ರಿ ಅಕ್ಕೋರ’ ಎಂದು, ಮತ್ತೆ ಅಲ್ಲಿಗೇ ಹೋದಳು.

ಹೊರಗೆ ಸಾಲಿನಲ್ಲಿ ಜನ ಕುಳಿತಿದ್ದರು. ನನಗೆ ಗೊತ್ತಿತ್ತು. ಸಾಲು ತಪ್ಪಿಸಿದ ಮಕ್ಕಳನ್ನು ನಾನು ಎಂದೂ ಕ್ಷಮಿಸಿದವಳಲ್ಲ. ಆದರೂ ಆ ಹುಡುಗಿಯ ಕೈಯನ್ನು ಹಿಡಿದು, ನನಗೆ ಬರುವಷ್ಟು ಮರಾಠಿಯಲ್ಲಿ, ಸ್ವಲ್ಪ ತಡೆಯವ್ವಾ ಎಂದೆ. ಅವಳು ಗಡಿಯಾರ ನೋಡಿದಳು, ಬಾಗಿಲ ಕಡೆ ನೋಡಿದಳು, ಆಮೇಲೆ ತನ್ನ ಕುರ್ಚಿಯನ್ನು ನನಗೆ ಎಳೆದುಕೊಟ್ಟಳು.

ಸುಂದರಾ ಮಗದುಮ್